ಹೆಬ್ಬೆರಳಿನ ವಾತ: ನೋವು ಹೋದ ಮೇಲೂ ಉಳಿಯುವ ರೋಗ



ದುಡಿಯುವ ಮನುಷ್ಯನಿಗೆ ಕಾಲೇ ಬಂಡವಾಳ. ಉಳುವುದಕ್ಕಾಗಲಿ, ಗದ್ದೆಗೆ ನೀರು ಕಟ್ಟುವುದಕ್ಕಾಗಲಿ, ದನ ಮೇಯಿಸುವುದಕ್ಕಾಗಲಿ, ಸಂತೆಗೆ ಹೋಗಿ ಬರುವುದಕ್ಕಾಗಲಿ ಮೊದಲು ಬೇಕಾದುದು ನೆಲದ ಮೇಲೆ ಗಟ್ಟಿಯಾಗಿ ಊರಬಲ್ಲ ಪಾದ. ಆ ಪಾದವನ್ನು ಒಂದೇ ರಾತ್ರಿಯಲ್ಲಿ ನೆಲಕ್ಕೆ ಸೋಕಿಸಲಾಗದಂತೆ ಮಾಡುವ ರೋಗವೊಂದಿದೆ. ವೈದ್ಯರು ಇದನ್ನು 'ಗೌಟ್' ಎಂದು ಕರೆಯುತ್ತಾರೆ. ಇದನ್ನು ಹೋಲುವ ರೋಗವನ್ನು ನಮ್ಮ ಪ್ರಾಚೀನ ವೈದ್ಯರು 'ವಾತರಕ್ತ' ಎಂದು ಕರೆದರು. ಚರಕ ಸಂಹಿತೆಯಲ್ಲಿ ಅದಕ್ಕೆ 'ಆಢ್ಯವಾತ' ಎಂಬ ಹೆಸರೂ ಉಂಟು. ಆಢ್ಯನೆಂದರೆ ಉಳ್ಳವನು. ಹಿಂದೆ ಉಳ್ಳವರ ಮನೆಯ ರೋಗವೆನಿಸಿದ್ದ ಇದು ಈಗ ಬಡವ ಬಲ್ಲಿದನೆಂಬ ಭೇದವಿಲ್ಲದೆ ಹಳ್ಳಿಯ ಮನೆಗಳಿಗೂ ಬರುತ್ತಿದೆ.

ಈ ರೋಗದ ವಿಷಯದಲ್ಲಿ ನೀವು ಮರೆಯದೆ ನೆನಪಿಡಬೇಕಾದ ಮಾತು ಒಂದೇ: ನೋವು ಹೋಗುವುದು ಬೇರೆ, ರೋಗ ಹೋಗುವುದು ಬೇರೆ. ಇದನ್ನು ಅರಿಯದವರು ವರ್ಷವರ್ಷವೂ ನರಳಿ, ಅಂಗಡಿಯ ಗುಳಿಗೆಗಳನ್ನು ನುಂಗಿ, ಕೊನೆಗೆ ಕೀಲುಗಳನ್ನೂ ಮೂತ್ರಪಿಂಡಗಳನ್ನೂ ಕೆಡಿಸಿಕೊಳ್ಳುತ್ತಾರೆ. ಅರಿತವರು ಮೊದಲಿನಂತೆಯೇ ಹೊಲಕ್ಕೆ ಹೋಗಿ ದುಡಿಯಬಲ್ಲರು.

ರೋಗದ ಗುರುತು

ರಾತ್ರಿ ಸುಖವಾಗಿ ಮಲಗಿದವನು ನಡುರಾತ್ರಿಯಲ್ಲೋ ಬೆಳಗಿನ ಜಾವದಲ್ಲೋ ಹೆಬ್ಬೆರಳಿನ ಬುಡದಲ್ಲಿ ಕೆಂಡವಿಟ್ಟಂತಾಗಿ ಎಚ್ಚರಗೊಳ್ಳುತ್ತಾನೆ. ಬೆಳಗಾಗುವ ವೇಳೆಗೆ ಆ ಜಾಗ ಕೆಂಪೇರಿ, ಊದಿ, ಬಿಸಿಯಾಗಿ, ಚರ್ಮ ಬಿಗಿದು ಹೊಳೆಯುತ್ತದೆ. ಹೊದ್ದ ದುಪ್ಪಟಿಯ ಅಂಚು ತಾಗಿದರೂ ಸಹಿಸಲಾಗುವುದಿಲ್ಲ. ಮುಳ್ಳು ಚುಚ್ಚಿದ್ದಿಲ್ಲ, ಎಡವಿದ್ದಿಲ್ಲ, ಹುಳು ಕಡಿದದ್ದಿಲ್ಲ. ನೋವು ಒಂದು ದಿನದೊಳಗೆ ತುತ್ತತುದಿಗೇರುತ್ತದೆ. ಔಷಧಿ ಮಾಡದಿದ್ದರೂ ಒಂದೆರಡು ವಾರಗಳಲ್ಲಿ ತಾನಾಗಿಯೇ ಇಳಿಯುತ್ತದೆ. ಊತ ಇಳಿಯುವಾಗ ಅಲ್ಲಿಯ ಚರ್ಮ ಸುಲಿಯುವುದೂ ಉಂಟು.

ಈ ರೋಗ ಮೊದಲು ಕಾಣಿಸಿಕೊಳ್ಳುವುದು ಸಾಮಾನ್ಯವಾಗಿ ಒಂದೇ ಕೀಲಿನಲ್ಲಿ. ರೋಗಿಗಳಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿಗೆ ಅದು ಹೆಬ್ಬೆರಳಿನ ಬುಡದ ಕೀಲೇ ಆಗಿರುತ್ತದೆ. ಪಾದದ ನಡುಭಾಗ, ಹರಡು, ಮಂಡಿ, ಕೆಲವೊಮ್ಮೆ ಕೈಬೆರಳು ಮತ್ತು ಮೊಣಕೈಗಳಿಗೂ ಇದು ತಗಲಬಹುದು.

ನೋವು ತಾನಾಗಿ ಹೋಗುವುದರಿಂದಲೇ ಜನರು ಮೋಸ ಹೋಗುತ್ತಾರೆ. ಆ ವೇಳೆಗೆ ಮಾಡಿದ ಉಪಚಾರಕ್ಕೆ, ಅದು ಮಂತ್ರವಾಗಲಿ ಲೇಪವಾಗಲಿ, ಎಲ್ಲ ಕೀರ್ತಿಯೂ ಸಲ್ಲುತ್ತದೆ. ಮುಂದೆ ಆರು ತಿಂಗಳೋ ಒಂದು ವರ್ಷವೋ ಕಳೆದ ಮೇಲೆ ಅದೇ ನೋವು ಮತ್ತೆ ಬರುತ್ತದೆ. ಬರುಬರುತ್ತಾ ನಡುವಣ ಬಿಡುವು ಕಿರಿದಾಗುತ್ತದೆ, ನೋವಿನ ದಿನಗಳು ಹೆಚ್ಚುತ್ತವೆ.

ಕೆರೆ ತುಂಬಿ ಕೋಡಿ ಬಿದ್ದಂತೆ

ನಮ್ಮ ದೇಹದಲ್ಲಿ ಹಳೆಯ ಜೀವಕೋಶಗಳು ಸವೆದು ಹೊಸವು ಹುಟ್ಟುತ್ತಲೇ ಇರುತ್ತವೆ. ಹೀಗೆ ಸವೆದ ಕೋಶಗಳಲ್ಲಿಯೂ, ನಾವು ತಿನ್ನುವ ಕೆಲವು ಆಹಾರಗಳಲ್ಲಿಯೂ 'ಪ್ಯೂರಿನ್' ಎಂಬ ಪದಾರ್ಥವಿದೆ. ಅದು ಒಡೆದಾಗ 'ಯೂರಿಕ್ ಆಮ್ಲ' ಉಂಟಾಗುತ್ತದೆ. ಇದು ಎಲ್ಲರ ರಕ್ತದಲ್ಲಿಯೂ ಇರತಕ್ಕದ್ದೇ. ಇದರಲ್ಲಿ ಸುಮಾರು ಮೂರನೆಯ ಎರಡು ಭಾಗವನ್ನು ಮೂತ್ರಪಿಂಡಗಳೂ, ಉಳಿದುದನ್ನು ಕರುಳೂ ಹೊರಗೆ ಹಾಕುತ್ತವೆ.

ರಕ್ತವನ್ನು ಒಂದು ಕೆರೆಯೆಂದು ಭಾವಿಸಿರಿ. ಬರುವ ನೀರಿಗೂ ತೂಬಿನಿಂದ ಹೋಗುವ ನೀರಿಗೂ ಸರಿಹೊಂದಿದರೆ ಕೆರೆ ಸಮವಾಗಿ ನಿಲ್ಲುತ್ತದೆ. ಬರುವ ನೀರು ಹೆಚ್ಚಾದರೆ ಅಥವಾ ತೂಬು ಕಟ್ಟಿಕೊಂಡರೆ ಮಟ್ಟ ಏರುತ್ತದೆ. ಗೌಟ್ ರೋಗಿಗಳಲ್ಲಿ ಬಹುಪಾಲು ಜನರಿಗೆ ತೊಂದರೆ ಇರುವುದು ತೂಬಿನಲ್ಲಿ. ಅಂದರೆ ಮೂತ್ರಪಿಂಡಗಳು ಯೂರಿಕ್ ಆಮ್ಲವನ್ನು ಸಾಕಷ್ಟು ಹೊರಹಾಕುವುದಿಲ್ಲ. ಈ ಗುಣ ಹಲವು ವೇಳೆ ವಂಶದಲ್ಲಿಯೇ ಬಂದಿರುತ್ತದೆ. ಆದುದರಿಂದ ರೋಗಿಯನ್ನು ಹೊಟ್ಟೆಬಾಕನೆಂದು ಹೀಯಾಳಿಸುವುದು ನ್ಯಾಯವಲ್ಲ. ಮಿತವಾಗಿ ಉಂಡು ಬೆವರು ಸುರಿಸಿ ದುಡಿಯುವವನಿಗೂ ಈ ರೋಗ ಬರಬಹುದು.

ದೇಹದ ಶಾಖದಲ್ಲಿ ೧೦೦ ಮಿಲಿಲೀಟರ್ ರಕ್ತದಲ್ಲಿ ಸುಮಾರು ೬.೮ ಮಿಲಿಗ್ರಾಂನಷ್ಟು ಯೂರಿಕ್ ಆಮ್ಲ ಕರಗಿರಬಲ್ಲದು. ಅದಕ್ಕಿಂತ ಹೆಚ್ಚಾದರೆ ಕರಗದೆ ಉಳಿದುದು ಸೂಜಿಯಂತಹ ಸಣ್ಣ ಹರಳುಗಳಾಗಿ ಕೀಲುಗಳಲ್ಲಿ ಕೂಡುತ್ತದೆ. ಎಷ್ಟೋ ಜನರಲ್ಲಿ ಮಟ್ಟ ಹೆಚ್ಚಿದ್ದರೂ ರೋಗ ಕಾಣಿಸಿಕೊಳ್ಳುವುದಿಲ್ಲ. ಹರಳುಗಳೂ ವರ್ಷಗಟ್ಟಲೆ ಸದ್ದಿಲ್ಲದೆ ಕುಳಿತಿರಬಹುದು. ಒಂದು ದಿನ ಯಾವುದೋ ಕಾರಣದಿಂದ ಅವು ಕದಲಿದಾಗ ರಕ್ತದ ಬಿಳಿಯ ಕಣಗಳು ಶತ್ರು ಬಂದನೆಂದು ಅವುಗಳ ಮೇಲೆ ಬೀಳುತ್ತವೆ. ಆ ಕಾದಾಟವೇ ಉರಿ, ಊತ, ನೋವು.

ರೋಗಿಗಳ ರಕ್ತದಲ್ಲಿ ಯೂರಿಕ್ ಆಮ್ಲ ಹೆಚ್ಚಾಗಿರುವುದನ್ನು ೧೮೪೮ರಲ್ಲಿ ಲಂಡನ್ನಿನ ವೈದ್ಯ ಆಲ್‌ಫ್ರೆಡ್ ಗ್ಯಾರಡ್ ತೋರಿಸಿದರು. ಊದಿದ ಕೀಲಿನ ನೀರಿನಲ್ಲಿ ಈ ಹರಳುಗಳಿರುವುದನ್ನು ೧೯೬೧ರಲ್ಲಿ ಅಮೆರಿಕದ ವೈದ್ಯರಾದ ಮೆಕಾರ್ಟಿ ಮತ್ತು ಹಾಲೆಂಡರ್ ಸೂಕ್ಷ್ಮದರ್ಶಕದಿಂದ ಕಂಡರು. ಹೀಗೆ ರೋಗದ ಮೂಲ ಸ್ಪಷ್ಟವಾಯಿತು.

ಪಾದಕ್ಕೇ ಏಕೆ?

ಮಲೆನಾಡಿನ ಮನೆಗಳಲ್ಲಿ ಜೋನಿಬೆಲ್ಲದ ಡಬ್ಬಿಯನ್ನು ನೋಡಿದ್ದೀರಿ. ಬಿಸಿಯಿದ್ದಾಗ ತೆಳುವಾಗಿ ಹರಿಯುವ ಬೆಲ್ಲ, ಚಳಿಗಾಲದಲ್ಲಿ ತಣ್ಣಗಾಗುತ್ತಲೇ ತಳದಲ್ಲಿ ಸಕ್ಕರೆಯ ಹರಳುಗಳನ್ನು ಕಟ್ಟುತ್ತದೆ. ತಂಪಾದಷ್ಟೂ ಕರಗುವ ಶಕ್ತಿ ಕಡಮೆ. ನಮ್ಮ ದೇಹದಲ್ಲಿಯೂ ಹಾಗೆಯೇ. ಎದೆ ಹೊಟ್ಟೆಗಳಿಗಿಂತ ಪಾದದ ತುದಿ ತಂಪು. ಅದರ ಜೊತೆಗೆ ಹೆಬ್ಬೆರಳಿನ ಬುಡದ ಕೀಲು ಹಗಲೆಲ್ಲಾ ಮೈಭಾರ ಹೊತ್ತು ಸವೆದಿರುತ್ತದೆ. ಹರಳು ಕೂಡಲು ಅದಕ್ಕಿಂತ ಅನುಕೂಲವಾದ ಜಾಗ ಬೇರೊಂದಿಲ್ಲ.

ಈ ಹೋಲಿಕೆಯಿಂದ ಇನ್ನೊಂದು ವಿಷಯವೂ ತಿಳಿಯುತ್ತದೆ. ಕಟ್ಟಿದ ಹರಳು ಮತ್ತೆ ಕರಗಬಲ್ಲದು. ರಕ್ತದಲ್ಲಿ ಯೂರಿಕ್ ಆಮ್ಲದ ಮಟ್ಟವನ್ನು ಇಳಿಸಿ, ಇಳಿದ ಮಟ್ಟದಲ್ಲಿಯೇ ನಿಲ್ಲಿಸಿದರೆ ಕೀಲಿನಲ್ಲಿರುವ ಹರಳುಗಳು ನಿಧಾನವಾಗಿ ಕರಗಿ ಹೋಗುತ್ತವೆ. ಈ ರೋಗದ ನಿಜವಾದ ಚಿಕಿತ್ಸೆ ಇದೇ.

ಯಾರಿಗೆ ಹೆಚ್ಚು?

ಮೂವತ್ತು ವರ್ಷ ದಾಟಿದ ಗಂಡಸರಿಗೆ ಈ ರೋಗ ಹೆಚ್ಚು. ಹೆಂಗಸರಿಗೆ ಸಾಮಾನ್ಯವಾಗಿ ಮುಟ್ಟು ನಿಂತ ಮೇಲೆ ಬರುತ್ತದೆ. ಈ ಕೆಳಗಿನವರು ವಿಶೇಷವಾಗಿ ಎಚ್ಚರದಿಂದಿರಬೇಕು:

೧. ತಂದೆ ತಾಯಿ, ಒಡಹುಟ್ಟಿದವರಿಗೆ ಗೌಟ್ ಇರುವವರು.

೨. ಮದ್ಯಪಾನ ಮಾಡುವವರು. ಅದರಲ್ಲಿಯೂ ಬಿಯರ್ ಹೆಚ್ಚು ಕೆಡುಕು. ಬ್ರಾಂದಿ, ವಿಸ್ಕಿ, ರಮ್ಮುಗಳೂ ಕೆಡುಕೇ.

೩. ಮೂತ್ರಪಿಂಡದ ದೌರ್ಬಲ್ಯ, ರಕ್ತದ ಒತ್ತಡ, ಸಕ್ಕರೆ ಕಾಯಿಲೆ, ಅತಿಯಾದ ಮೈತೂಕ ಇರುವವರು.

೪. ರಕ್ತದ ಒತ್ತಡಕ್ಕಾಗಲಿ ಮೈ ಊತಕ್ಕಾಗಲಿ ಮೂತ್ರ ಹೆಚ್ಚಿಸುವ ಗುಳಿಗೆಗಳನ್ನು ತೆಗೆದುಕೊಳ್ಳುವವರು; ಹೃದಯಕ್ಕಾಗಿ ದಿನವೂ ಸಣ್ಣ ಪ್ರಮಾಣದ ಆಸ್ಪಿರಿನ್ ನುಂಗುವವರು.

೫. ಕ್ಷಯರೋಗಕ್ಕೆ ಚಿಕಿತ್ಸೆ ಪಡೆಯುತ್ತಿರುವವರು. ಆ ಚಿಕಿತ್ಸೆಯಲ್ಲಿ ಬಳಸುವ ಪೈರಾಜಿನಮೈಡ್ ಮತ್ತು ಎಥಾಂಬ್ಯುಟಾಲ್ ಎಂಬ ಔಷಧಿಗಳು ಯೂರಿಕ್ ಆಮ್ಲವನ್ನು ಏರಿಸುತ್ತವೆ.

ಇಲ್ಲಿ ಒಂದು ಮಾತನ್ನು ಒತ್ತಿ ಹೇಳಬೇಕಾಗಿದೆ. ಮೇಲೆ ಹೇಳಿದ ಔಷಧಿಗಳನ್ನು ನೀವಾಗಿಯೇ ನಿಲ್ಲಿಸತಕ್ಕದ್ದಲ್ಲ. ಕ್ಷಯದ ಔಷಧಿಯನ್ನು ನಡುವೆ ಬಿಟ್ಟರೆ ರೋಗ ಔಷಧಿಗೆ ಬಗ್ಗದಂತಾಗಿ ಪ್ರಾಣಕ್ಕೇ ಸಂಚಕಾರ ಬರಬಹುದು. ಕೀಲು ನೋಯುತ್ತಿದೆಯೆಂದು ಔಷಧಿ ಕೊಟ್ಟ ವೈದ್ಯರಿಗೆ ತಿಳಿಸಿರಿ. ಬದಲಿಸಬೇಕೇ ಬೇಡವೇ ಎಂಬುದನ್ನು ಅವರು ನಿರ್ಧರಿಸುತ್ತಾರೆ.

ಇಂಥವರಲ್ಲಿ ನೋವು ಕೆರಳುವುದಕ್ಕೆ ಸಣ್ಣ ನೆಪ ಸಾಕು. ಹೊಸತೊಡಕಿನ ಬಾಡೂಟ, ಜಾತ್ರೆಯ ದಿನದ ಕುಡಿತ, ಬಿರುಬಿಸಿಲಿನಲ್ಲಿ ನೀರು ಕುಡಿಯದೆ ಮಾಡಿದ ಕೊಯ್ಲಿನ ಕೆಲಸ, ಕಟ್ಟುನಿಟ್ಟಾದ ಉಪವಾಸ, ಕಾಲಿಗೆ ಬಿದ್ದ ಪೆಟ್ಟು, ಶಸ್ತ್ರಚಿಕಿತ್ಸೆ, ಜ್ವರ: ಇವುಗಳಲ್ಲಿ ಯಾವುದೂ ಸಾಕು.

ನೋವು ಬಂದ ದಿನ ಏನು ಮಾಡಬೇಕು?

೧. ಕೆಲಸ ನಿಲ್ಲಿಸಿ ಮಲಗಿ, ಪಾದವನ್ನು ದಿಂಬಿನ ಮೇಲೆ ಎತ್ತರದಲ್ಲಿಡಿ. ಒಂದೆರಡು ದಿನ ಆ ಕಾಲಿನ ಮೇಲೆ ಭಾರ ಹಾಕಬೇಡಿ. ಓಡಾಡಲೇಬೇಕಾದರೆ ಕೋಲಿನ ಆಸರೆ ಹಿಡಿಯಿರಿ.

೨. ಮಂಜುಗಡ್ಡೆ ಸಿಕ್ಕಿದರೆ ಬಟ್ಟೆಯಲ್ಲಿ ಸುತ್ತಿ, ಒಂದು ಸಲಕ್ಕೆ ೧೫ರಿಂದ ೨೦ ನಿಮಿಷ ಊತದ ಮೇಲಿಡಿ. ದಿನಕ್ಕೆ ಮೂರು ನಾಲ್ಕು ಸಲ ಹೀಗೆ ಮಾಡಬಹುದು. ಮಂಜುಗಡ್ಡೆ ಇಲ್ಲದಿದ್ದರೆ ಮಣ್ಣಿನ ಹೂಜಿಯ ತಣ್ಣೀರಿನಲ್ಲಿ ಅದ್ದಿದ ಬಟ್ಟೆಯಾದೀತು. ಸಕ್ಕರೆ ಕಾಯಿಲೆಯಿಂದ ಪಾದ ಮರಗಟ್ಟಿದವರು ಮಂಜುಗಡ್ಡೆಯನ್ನು ಬಳಸಬಾರದು. ಚರ್ಮ ಸುಟ್ಟರೂ ಅವರಿಗೆ ತಿಳಿಯುವುದಿಲ್ಲ.

೩. ಹೊದಿಕೆ ಪಾದಕ್ಕೆ ತಾಗದಂತೆ ಕಾಲಿನ ಎರಡೂ ಕಡೆ ದಿಂಬಿಟ್ಟು ಅದರ ಮೇಲೆ ಹೊದಿಸಿರಿ.

೪. ನೀರನ್ನು ಚೆನ್ನಾಗಿ ಕುಡಿಯಿರಿ. ಮದ್ಯವನ್ನು ಮುಟ್ಟಬೇಡಿ.

೫. ಆದಷ್ಟು ಬೇಗ, ಸಾಧ್ಯವಾದರೆ ಅದೇ ದಿನ, ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರನ್ನು ಕಾಣಿರಿ. ಮೊದಲ ೨೪ ಗಂಟೆಯೊಳಗೆ ಔಷಧಿ ಬಿದ್ದರೆ ನೋವು ಬೇಗ ಹತೋಟಿಗೆ ಬರುತ್ತದೆ.

ವೈದ್ಯರ ಬಳಿ ಇದಕ್ಕೆ ಮೂರು ಬಗೆಯ ಔಷಧಿಗಳಿವೆ. ಒಂದು, ಊತ ಇಳಿಸುವ ನೋವಿನ ಗುಳಿಗೆಗಳು, ಎರಡು, ಕಾಲ್ಚಿಸೀನ್, ಮೂರು, ಸ್ಟಿರಾಯ್ಡ್ ಜಾತಿಯ ಪ್ರೆಡ್ನಿಸೊಲೋನ್. ಮೂತ್ರಪಿಂಡ ಕೆಟ್ಟವರಿಗೆ, ಹೊಟ್ಟೆಯಲ್ಲಿ ಹುಣ್ಣಿರುವವರಿಗೆ, ಹೃದಯದ ದೌರ್ಬಲ್ಯವಿರುವವರಿಗೆ ಮೊದಲನೆಯದು ಹೊಂದದು. ಸ್ಟಿರಾಯ್ಡಿನಿಂದ ಸಕ್ಕರೆ ಕಾಯಿಲೆಯವರ ರಕ್ತದಲ್ಲಿ ಸಕ್ಕರೆ ಏರುತ್ತದೆ. ಆದುದರಿಂದ ನಿಮಗಿರುವ ಎಲ್ಲ ಕಾಯಿಲೆಗಳನ್ನೂ ಮುಚ್ಚುಮರೆಯಿಲ್ಲದೆ ಹೇಳಿ, ತೆಗೆದುಕೊಳ್ಳುತ್ತಿರುವ ಔಷಧಿಗಳ ಚೀಟಿಯನ್ನು ಜೊತೆಗೊಯ್ಯಿರಿ.

ಮಾಡಬಾರದ ಕೆಲಸಗಳು

ಬರೆ ಹಾಕಿಸಬೇಡಿ. ಹರಳು ಕೀಲಿನ ಒಳಗಿದೆ. ಬರೆ ಹಾಕುವುದು ಚರ್ಮದ ಮೇಲೆ. ಇದರಿಂದ ಹಳೆಯ ನೋವಿನ ಜೊತೆಗೆ ಹೊಸದೊಂದು ಹುಣ್ಣು ಸೇರುತ್ತದೆ. ಊದಿದ ಕೀಲನ್ನು ಬಿಸಿಯೆಣ್ಣೆ ಹಚ್ಚಿ ತಿಕ್ಕುವುದು, ಎಳೆಯುವುದು, ಬಿಗಿದು ಕಟ್ಟುವುದು ಇವೂ ನೋವನ್ನು ಹೆಚ್ಚಿಸುತ್ತವೆ.

ಅಂಗಡಿಯಿಂದ ನೋವಿನ ಗುಳಿಗೆ ತಂದು ವಾರಗಟ್ಟಲೆ ನುಂಗಬೇಡಿ. ಡೈಕ್ಲೊಫೆನಾಕ್, ಐಬುಪ್ರೊಫೇನ್ ಮುಂತಾದವು ಎರಡು ದಿನಕ್ಕೆ ಮಿತ್ರರು, ಎರಡು ವರ್ಷಕ್ಕೆ ಶತ್ರುಗಳು. ಇವುಗಳ ಅತಿ ಬಳಕೆಯಿಂದ ಹೊಟ್ಟೆಯಲ್ಲಿ ರಕ್ತಸ್ರಾವವಾಗಬಹುದು, ಮೂತ್ರಪಿಂಡ ಸೊರಗಬಹುದು. ಮೂತ್ರಪಿಂಡ ಸೊರಗಿದರೆ ಯೂರಿಕ್ ಆಮ್ಲ ಮತ್ತಷ್ಟು ನಿಲ್ಲುತ್ತದೆ. ಕೆರೆ ತುಂಬಿತೆಂದು ಹೆದರಿ ತೂಬನ್ನೇ ಮುಚ್ಚಿದಂತೆ ಆಗುತ್ತದೆ.

ಹೆಸರಿಲ್ಲದ, ಚೀಟಿಯಿಲ್ಲದ ಪೊಟ್ಟಣದ ಪುಡಿಗಳನ್ನು ನಂಬಬೇಡಿ. ಸಂತೆಯಲ್ಲಿ ಮಾರುವ ಇಂಥ ಕೆಲವು ಪುಡಿಗಳಲ್ಲಿ ಸ್ಟಿರಾಯ್ಡ್ ಬೆರೆತಿರುವುದುಂಟು. ಮೊದಲ ದಿನ ಪವಾಡದಂತೆ ನೋವು ನಿಲ್ಲುತ್ತದೆ. ತಿಂಗಳುಗಟ್ಟಲೆ ತಿಂದರೆ ಮುಖ ಊದಿ, ಮೂಳೆ ಸವೆದು, ಸಕ್ಕರೆ ಕಾಯಿಲೆ ತಲೆಯೆತ್ತುತ್ತದೆ. ಅಭ್ಯಾಸವಾದ ಮೇಲೆ ಥಟ್ಟನೆ ಬಿಡುವುದೂ ಅಪಾಯ. ಇಂಥದನ್ನು ತಿಂದವರು ವೈದ್ಯರಿಗೆ ತಿಳಿಸಿ ಅವರ ಸಲಹೆಯಂತೆ ಬಿಡಬೇಕು.

ಇನ್ನು ಅಗ್ನಿಶಿಖೆಯ ಮಾತು. ಮಳೆಗಾಲದಲ್ಲಿ ಬೇಲಿಗಳ ಮೇಲೆ ಹಬ್ಬಿ, ಬೆಂಕಿಯ ನಾಲಿಗೆಯಂತೆ ಕೆಂಪು ಹಳದಿ ಹೂ ಬಿಡುವ ಈ ಬಳ್ಳಿಯನ್ನು ಗೌರಿ ಹೂವೆಂದೂ ಕರೆಯುತ್ತಾರೆ. ಮೇಲೆ ಹೇಳಿದ ಕಾಲ್ಚಿಸೀನ್ ಎಂಬ ಪದಾರ್ಥ ಇದರ ಬೀಜದಲ್ಲಿಯೂ ಗಡ್ಡೆಯಲ್ಲಿಯೂ ಇದೆ. ಔಷಧಿಗಾಗಿಯೇ ತಮಿಳುನಾಡಿನಲ್ಲಿ ಇದನ್ನು ಬೆಳೆಯುತ್ತಾರೆ. ಇದನ್ನು ಕೇಳಿ ಯಾರೂ ಗಡ್ಡೆಯನ್ನು ಅಗೆದು ಅರೆದು ಕುಡಿಯುವ ಸಾಹಸ ಮಾಡಬಾರದು. ಗುಳಿಗೆಯಲ್ಲಿರುವುದು ಒಂದು ಮಿಲಿಗ್ರಾಂನ ಅರ್ಧ ಭಾಗ. ಗಡ್ಡೆಯಲ್ಲಿ ಎಷ್ಟಿದೆಯೆಂದು ಯಾರೂ ಕಣ್ಣಳತೆಯಿಂದ ಹೇಳಲಾರರು. ಹೆಚ್ಚಾದರೆ ವಾಂತಿ ಭೇದಿಗಳಿಂದ ಮೊದಲಾಗಿ ಪ್ರಾಣವೇ ಹೋಗುತ್ತದೆ. ವೈದ್ಯರು ಬರೆದುಕೊಟ್ಟ ಕಾಲ್ಚಿಸೀನ್ ಗುಳಿಗೆಯನ್ನೂ ಹೇಳಿದ್ದಕ್ಕಿಂತ ಒಂದು ಹೆಚ್ಚಿಗೆ ನುಂಗಬಾರದು. ಭೇದಿ ಆರಂಭವಾದರೆ ನಿಲ್ಲಿಸಿ ವೈದ್ಯರಿಗೆ ತಿಳಿಸಬೇಕು.

ಎಲ್ಲ ಊತವೂ ಗೌಟ್ ಅಲ್ಲ

ಪಾದ ಕೆಂಪಗೆ ಊದಿದ್ದನ್ನೆಲ್ಲಾ ಗೌಟ್ ಎಂದು ತಿಳಿಯುವುದೂ ತಪ್ಪು. ಕೀಲಿನೊಳಗೆ ಕೀವು ತುಂಬಿದರೂ ಹೀಗೆಯೇ ಕಾಣುತ್ತದೆ. ಅದು ಒಂದೆರಡು ದಿನಗಳಲ್ಲಿ ಕೀಲನ್ನು ಶಾಶ್ವತವಾಗಿ ಕೆಡಿಸಬಲ್ಲದು. ಈ ಕೆಳಗಿನ ಗುರುತುಗಳಿದ್ದರೆ ತಡಮಾಡದೆ ಆಸ್ಪತ್ರೆಗೆ ಕರೆದೊಯ್ಯಿರಿ:

ಚಳಿಯೊಡನೆ ಜ್ವರ ಬಂದಿರುವುದು; ಪಾದದಲ್ಲಿ ಗಾಯ, ಮುಳ್ಳು ಚುಚ್ಚಿದ ಗುರುತು ಅಥವಾ ಕೀವು ಇರುವುದು; ಕೆಂಪು ಕಾಲಿನ ಮೇಲಕ್ಕೆ ಹರಡುತ್ತಿರುವುದು; ಸಕ್ಕರೆ ಕಾಯಿಲೆಯವರ ಪಾದ ಊದಿ ಬಣ್ಣ ಬದಲಿಸಿರುವುದು; ಹಾವು ಕಡಿದಿರಬಹುದೆಂಬ ಸಂದೇಹವಿರುವುದು. ವಾಹನ ಸಿಗದಿದ್ದರೆ ೧೦೮ಕ್ಕೆ ದೂರವಾಣಿ ಮಾಡಿರಿ.

ಜ್ವರದ ನಂತರ ಎರಡೂ ಕಡೆಯ ಹಲವು ಕೀಲುಗಳು ಒಟ್ಟಿಗೆ ನೋಯುತ್ತಿದ್ದರೆ ಅದು ಚಿಕುನ್‌ಗುನ್ಯಾ ಇರಬಹುದು. ಬೆಳಿಗ್ಗೆ ಎದ್ದಾಗ ಎರಡೂ ಕೈಬೆರಳುಗಳು ಬಿಗಿದುಕೊಂಡು ತಿಂಗಳುಗಟ್ಟಲೆ ನೋಯುವುದು ಬೇರೆ ಜಾತಿಯ ಸಂಧಿವಾತ. ಇವೆಲ್ಲಕ್ಕೂ ಚಿಕಿತ್ಸೆ ಬೇರೆ ಬೇರೆ.

ರಕ್ತ ಪರೀಕ್ಷೆಯನ್ನು ಯಾವಾಗ ಮಾಡಿಸಬೇಕು?

ನೋವಿನ ದಿನ ರಕ್ತ ಪರೀಕ್ಷಿಸಿದರೆ ಯೂರಿಕ್ ಆಮ್ಲ ಸರಿಯಾಗಿಯೇ ಇದೆಯೆಂದು ಬರಬಹುದು. ಊತದ ಕಾಲದಲ್ಲಿ ಅದು ಕೆಲವರಲ್ಲಿ ಕೆಳಗಿಳಿದಿರುತ್ತದೆ. ಆದುದರಿಂದ ನೋವು ಇಳಿದು ಎರಡರಿಂದ ನಾಲ್ಕು ವಾರಗಳಾದ ಮೇಲೆ ಮತ್ತೊಮ್ಮೆ ಪರೀಕ್ಷಿಸಿ ನೋಡಬೇಕು. ಅದರೊಡನೆ ಮೂತ್ರಪಿಂಡದ ಪರೀಕ್ಷೆ, ಸಕ್ಕರೆ, ರಕ್ತದ ಒತ್ತಡ ಇವುಗಳನ್ನೂ ನೋಡಿಸಿಕೊಳ್ಳುವುದು ಒಳ್ಳೆಯದು. ಸಂದೇಹವಿದ್ದಲ್ಲಿ ದೊಡ್ಡ ಆಸ್ಪತ್ರೆಯಲ್ಲಿ ಕೀಲಿನ ನೀರನ್ನು ಸೂಜಿಯಿಂದ ತೆಗೆದು ಹರಳಿದೆಯೇ ಎಂದು ನೋಡುತ್ತಾರೆ. ಇದಕ್ಕೆ ಹೆದರಬೇಕಾಗಿಲ್ಲ.

ಇನ್ನೊಂದು ಮಾತು. ನೋವೇ ಬಾರದವನ ರಕ್ತದಲ್ಲಿ ಯೂರಿಕ್ ಆಮ್ಲ ಸ್ವಲ್ಪ ಹೆಚ್ಚೆಂದು ಬಂದರೆ ಗಾಬರಿಪಟ್ಟು ಔಷಧಿ ನುಂಗಬೇಕಾಗಿಲ್ಲ. ಅಂಥವರಲ್ಲಿ ಬಹುಮಂದಿಗೆ ಗೌಟ್ ಬರುವುದೇ ಇಲ್ಲ.

ನೋವು ಹೋದ ಮೇಲಿನ ಕೆಲಸ

ಈಗ ಮುಖ್ಯ ವಿಷಯಕ್ಕೆ ಬರೋಣ. ನೋವಿನ ಗುಳಿಗೆ ಬೆಂಕಿಯನ್ನು ಆರಿಸುತ್ತದೆ, ಕಟ್ಟಿಗೆಯನ್ನು ತೆಗೆಯುವುದಿಲ್ಲ. ಕಟ್ಟಿಗೆಯೆಂದರೆ ಕೀಲಿನಲ್ಲಿ ಕುಳಿತ ಹರಳು. ಅದನ್ನು ಕರಗಿಸಬೇಕಾದರೆ ರಕ್ತದ ಯೂರಿಕ್ ಆಮ್ಲ ೬ ಮಿಲಿಗ್ರಾಂಗಿಂತ ಕೆಳಗಿಳಿಯಬೇಕು. ಗಂಟುಗಳೇ ಎದ್ದಿದ್ದರೆ ವೈದ್ಯರು ೫ಕ್ಕಿಂತಲೂ ಕೆಳಗೆ ಇಳಿಸಲು ನೋಡುತ್ತಾರೆ. ನಿಮ್ಮ ರಕ್ತದ ಅಂಕೆ ಎಷ್ಟೆಂಬುದನ್ನು ನೀವೇ ತಿಳಿದಿರಿ, ಪುಸ್ತಕದಲ್ಲಿ ಬರೆದಿಡಿ.

ಇದಕ್ಕೆ ಹೆಚ್ಚಾಗಿ ಬಳಸುವ ಔಷಧಿ ಅಲೊಪ್ಯುರಿನಾಲ್. ಇದು ದೇಹದಲ್ಲಿ ಯೂರಿಕ್ ಆಮ್ಲ ಹುಟ್ಟುವುದನ್ನೇ ಕಡಮೆ ಮಾಡುತ್ತದೆ. ೧೯೬೬ರಲ್ಲಿ ಅಮೆರಿಕದಲ್ಲಿ ಇದಕ್ಕೆ ಒಪ್ಪಿಗೆ ದೊರೆಯಿತು. ಇದನ್ನು ರೂಪಿಸಿದವರಲ್ಲಿ ಪ್ರಮುಖರಾದ ಗರ್‌ಟ್ರೂಡ್ ಎಲಿಯನ್ ಮತ್ತು ಜಾರ್ಜ್ ಹಿಚಿಂಗ್ಸ್ ಎಂಬ ವಿಜ್ಞಾನಿಗಳಿಗೆ, ಔಷಧಿಗಳನ್ನು ಕುರಿತ ಅವರ ಒಟ್ಟು ಸಂಶೋಧನೆಗಾಗಿ, ೧೯೮೮ರಲ್ಲಿ ನೊಬೆಲ್ ಪಾರಿತೋಷಕ ಬಂದಿತು. ಇದು ದುಬಾರಿಯಾದ ಔಷಧಿಯಲ್ಲ. ಇದು ಹೊಂದದವರಿಗೆ ಫೆಬುಕ್ಸೋಸ್ಟಾಟ್ ಎಂಬ ಮತ್ತೊಂದು ಔಷಧಿಯುಂಟು. ಹೃದ್ರೋಗಿಗಳಿಗೆ ಅದನ್ನು ಕೊಡುವಾಗ ವೈದ್ಯರು ಯೋಚಿಸುತ್ತಾರೆ.

ಒಮ್ಮೆ ನೋವು ಬಂದ ಎಲ್ಲರಿಗೂ ಇದು ಬೇಕಾಗುವುದಿಲ್ಲ. ವರ್ಷಕ್ಕೆ ಎರಡು ಸಲವೋ ಅದಕ್ಕಿಂತ ಹೆಚ್ಚಾಗಿಯೋ ನೋವು ಬರುವವರಿಗೆ, ಗಂಟು ಎದ್ದವರಿಗೆ, ಕೀಲು ಸವೆದವರಿಗೆ ಇದು ಅಗತ್ಯ. ಮೂತ್ರಪಿಂಡದ ಕಾಯಿಲೆಯಿರುವವರಿಗೂ ಮೂತ್ರದಲ್ಲಿ ಕಲ್ಲು ಬರುವವರಿಗೂ ವೈದ್ಯರು ಮೊದಲೇ ಆರಂಭಿಸಬಹುದು.

ಈ ಔಷಧಿಯ ಬಗೆಗೆ ನಾಲ್ಕು ಮಾತುಗಳನ್ನು ನೆನಪಿಡಿ.

ಮೊದಲನೆಯದು: ಇದನ್ನು ದಿನಕ್ಕೆ ೧೦೦ ಮಿಲಿಗ್ರಾಂ ಅಥವಾ ಅದಕ್ಕಿಂತ ಕಡಮೆಯಿಂದ ಆರಂಭಿಸಿ, ರಕ್ತ ಪರೀಕ್ಷಿಸುತ್ತಾ ಮೆಲ್ಲಗೆ ಏರಿಸುತ್ತಾರೆ. ಅಂಕೆ ೬ಕ್ಕಿಂತ ಕೆಳಗೆ ಬರುವವರೆಗೂ ಏರಿಸಬೇಕಾಗುತ್ತದೆ. ಪ್ರಮಾಣ ಹೆಚ್ಚಿತೆಂದು ಅಂಜಬೇಡಿ.

ಎರಡನೆಯದು: ಆರಂಭದ ತಿಂಗಳುಗಳಲ್ಲಿ ಹಳೆಯ ಹರಳು ಕರಗಿ ಕದಲುವುದರಿಂದ ನೋವು ಮತ್ತೆ ಬರಬಹುದು. "ಔಷಧಿಯಿಂದಲೇ ನೋವು ಬಂತು" ಎಂದು ಅನೇಕರು ಬಿಟ್ಟುಬಿಡುವುದು ಇಲ್ಲಿಯೇ. ಇದು ಔಷಧಿ ಕೆಲಸ ಮಾಡುತ್ತಿರುವುದರ ಗುರುತು. ಇದನ್ನು ತಡೆಯಲೆಂದೇ ವೈದ್ಯರು ಮೊದಲ ಮೂರರಿಂದ ಆರು ತಿಂಗಳು ಕಾಲ್ಚಿಸೀನನ್ನೋ ಬೇರೊಂದು ಔಷಧಿಯನ್ನೋ ಅಲ್ಪ ಪ್ರಮಾಣದಲ್ಲಿ ಜೊತೆಗೆ ಕೊಡುತ್ತಾರೆ. ನೋವು ಬಂದಾಗಲೂ ಅಲೊಪ್ಯುರಿನಾಲನ್ನು ನಿಲ್ಲಿಸಬಾರದು.

ಮೂರನೆಯದು: ಇದು ನಿತ್ಯದ ಔಷಧಿ. ನೋವಿಲ್ಲವೆಂದು ಬಿಟ್ಟರೆ ಕೆಲವು ತಿಂಗಳು ಏನೂ ಆಗದೆ ಇರಬಹುದು. ಅಷ್ಟರಲ್ಲಿ ಕೆರೆ ಮತ್ತೆ ತುಂಬುತ್ತಿರುತ್ತದೆ.

ನಾಲ್ಕನೆಯದು: ಅಪರೂಪವಾಗಿ ಕೆಲವರಿಗೆ ಇದು ಒಗ್ಗುವುದಿಲ್ಲ. ಆರಂಭಿಸಿದ ಮೊದಲ ಕೆಲವು ತಿಂಗಳಲ್ಲಿ ಮೈಮೇಲೆ ದದ್ದು ಎದ್ದರೆ, ಬಾಯಿ ಕಣ್ಣುಗಳಲ್ಲಿ ಹುಣ್ಣಾದರೆ, ಜ್ವರ ಬಂದರೆ, ಆ ಕ್ಷಣವೇ ಗುಳಿಗೆಯನ್ನು ನಿಲ್ಲಿಸಿ ಆಸ್ಪತ್ರೆಗೆ ಹೋಗಬೇಕು. ಇದನ್ನು ಅಲಕ್ಷಿಸಿದರೆ ಜೀವಾಪಾಯವುಂಟು.

ಊಟದ ವಿಚಾರ

ಗೌಟ್ ಬಂದವರಿಗೆ ನೆರೆಹೊರೆಯವರು ಹೇಳುವ ಪಥ್ಯದ ಪಟ್ಟಿ ಬಲು ಉದ್ದ. ಬೇಳೆ ಬೇಡ, ಸೊಪ್ಪು ಬೇಡ, ಟೊಮ್ಯಾಟೊ ಬೇಡ, ಬದನೆ ಬೇಡ, ಹಾಲು ಬೇಡ ಎಂದು ಎಲ್ಲವನ್ನೂ ಬಿಡಿಸುತ್ತಾರೆ. ರೋಗಿ ಬಡವಾಗುತ್ತಾನೆ, ರೋಗ ಬಡವಾಗುವುದಿಲ್ಲ. ಅಮೆರಿಕದಲ್ಲಿ ೪೭,೧೫೦ ಗಂಡಸರ ಊಟವನ್ನು ೧೨ ವರ್ಷಗಳ ಕಾಲ ಗಮನಿಸಿ, ೨೦೦೪ರಲ್ಲಿ ಫಲಿತಾಂಶವನ್ನು ಪ್ರಕಟಿಸಿದರು. ಮಾಂಸ ಮತ್ತು ಸಮುದ್ರದ ಆಹಾರ ಹೆಚ್ಚು ತಿಂದವರಲ್ಲಿ ಗೌಟ್ ಹೆಚ್ಚಾಗಿತ್ತು. ಪ್ಯೂರಿನ್ ಹೆಚ್ಚಿರುವ ತರಕಾರಿಗಳನ್ನು ತಿಂದವರಲ್ಲಿ ಹೆಚ್ಚಿರಲಿಲ್ಲ. ಹಾಲು ಮತ್ತು ಹಾಲಿನ ಪದಾರ್ಥಗಳನ್ನು ಹೆಚ್ಚು ಬಳಸಿದವರಲ್ಲಿ ಕಡಮೆಯಾಗಿತ್ತು.

ಆದುದರಿಂದ ರಾಗಿ, ಜೋಳ, ಅಕ್ಕಿ, ತೊಗರಿ, ಹೆಸರು, ಹುರುಳಿ, ಸೊಪ್ಪು ತರಕಾರಿಗಳ ನಮ್ಮ ನಿತ್ಯದ ಊಟವನ್ನು ಬಿಡಬೇಕಾಗಿಲ್ಲ. ಕೆನೆ ತೆಗೆದ ಹಾಲು, ಮಜ್ಜಿಗೆ ಹಿತಕರ.

ಕಡಮೆ ಮಾಡಬೇಕಾದವು ಇವು. ಕುರಿ ಮೇಕೆಗಳ ಈಲಿ, ಮೂತ್ರಪಿಂಡ, ಮೆದುಳು ಮುಂತಾದ ಒಳಭಾಗಗಳನ್ನು ಬಿಟ್ಟೇಬಿಡುವುದು ಮೇಲು. ಮಾಂಸವನ್ನು ಅಪರೂಪಕ್ಕೆ, ಸ್ವಲ್ಪವಾಗಿ ತಿನ್ನಬಹುದು. ಕರಾವಳಿಯವರು ಬೂತಾಯಿ, ಬಂಗುಡೆ, ಸಿಗಡಿಗಳನ್ನು ಮಿತಗೊಳಿಸಬೇಕು. ಮದ್ಯವನ್ನು ಬಿಡಬೇಕು. ಬಾಟಲಿಯಲ್ಲಿ ಬರುವ ಸಿಹಿ ಪಾನೀಯಗಳೂ ಯೂರಿಕ್ ಆಮ್ಲವನ್ನು ಏರಿಸುತ್ತವೆ. ಬಾಯಾರಿದಾಗ ಅವುಗಳ ಬದಲು ನೀರು ಮಜ್ಜಿಗೆಗಳನ್ನು ಕುಡಿಯಿರಿ. ಹೊಲಕ್ಕೆ ಹೋಗುವಾಗ ನೀರಿನ ಪಾತ್ರೆಯನ್ನು ಮರೆಯಬೇಡಿ. ಹೃದಯ, ಮೂತ್ರಪಿಂಡಗಳ ಕಾಯಿಲೆಯಿರುವವರು ಮಾತ್ರ ಎಷ್ಟು ನೀರು ಕುಡಿಯಬೇಕೆಂದು ವೈದ್ಯರನ್ನು ಕೇಳಬೇಕು.

ಮೈತೂಕ ಹೆಚ್ಚಿದ್ದರೆ ನಿಧಾನವಾಗಿ ಇಳಿಸಿರಿ. ಒಮ್ಮೆಲೇ ಊಟ ಬಿಟ್ಟು ಉಪವಾಸ ಕುಳಿತರೆ ನೋವು ಕೆರಳುತ್ತದೆ.

ಪಥ್ಯಕ್ಕೂ ಒಂದು ಮಿತಿಯಿದೆಯೆಂಬುದನ್ನು ಮರೆಯಬಾರದು. ಕಟ್ಟುನಿಟ್ಟಾದ ಪಥ್ಯದಿಂದಲೂ ಯೂರಿಕ್ ಆಮ್ಲ ಸಾಮಾನ್ಯವಾಗಿ ಸುಮಾರು ೧ ಮಿಲಿಗ್ರಾಂನಷ್ಟು ಮಾತ್ರ ಇಳಿಯುತ್ತದೆ. ಒಬ್ಬನ ಅಂಕೆ ೯ ಇದೆಯೆಂದಿಟ್ಟುಕೊಳ್ಳಿ. ಪಥ್ಯದಿಂದ ಅದು ೮ಕ್ಕೆ ಬಂದೀತು. ಹರಳು ಕರಗಲು ಬೇಕಾದುದು ೬ಕ್ಕಿಂತ ಕೆಳಗೆ. ಉಳಿದ ದಾರಿಯನ್ನು ಔಷಧಿಯೇ ಸವೆಸಬೇಕು.

ಪಾದದ ಆರೈಕೆ

ರೋಗ ಹಳೆಯದಾದರೆ ಬೆರಳು, ಹರಡು, ಮೊಣಕೈ, ಕಿವಿಯ ಅಂಚುಗಳಲ್ಲಿ ಗಟ್ಟಿಯಾದ ಗಂಟುಗಳು ಏಳುತ್ತವೆ. ಕೆಲವೊಮ್ಮೆ ಒಡೆದು ಸುಣ್ಣದಂತಹ ಬಿಳಿಯ ಪದಾರ್ಥ ಹೊರಬರುತ್ತದೆ. ಅದು ಸುಣ್ಣವಲ್ಲ, ಯೂರಿಕ್ ಆಮ್ಲದ ಹರಳುಗಳ ರಾಶಿ. ಹಾಲು ಬಿಡುವುದರಿಂದ ಅದು ನಿಲ್ಲುವುದಿಲ್ಲ. ಗಂಟನ್ನು ಬ್ಲೇಡಿನಿಂದ ಕುಯ್ಯಬೇಡಿ, ಹಿಸುಕಬೇಡಿ. ಕೀವು ಹಿಡಿದು ಬೆರಳನ್ನೇ ಕಳೆದುಕೊಳ್ಳಬೇಕಾದೀತು. ಒಡೆದರೆ ಶುದ್ಧವಾದ ಬಟ್ಟೆ ಕಟ್ಟಿಕೊಂಡು ಆಸ್ಪತ್ರೆಗೆ ಹೋಗಿರಿ.

ಬೆರಳಿಗೆ ಒತ್ತದಂತೆ ಮುಂಭಾಗ ಅಗಲವಾಗಿರುವ, ಅಟ್ಟೆ ಮೆತ್ತಗಿರುವ ಪಾದರಕ್ಷೆಗಳನ್ನು ಧರಿಸಿರಿ. ಬರಿಗಾಲಿನಲ್ಲಿ ಹೆಂಟೆಯ ಹೊಲದಲ್ಲಿ ನಡೆಯಬೇಡಿ. ದಿನವೂ ಸಂಜೆ ಪಾದ ತೊಳೆದು, ಬೆರಳ ಸಂದುಗಳನ್ನು ಒರೆಸಿ, ಗಾಯವಿದೆಯೇ ಎಂದು ನೋಡಿಕೊಳ್ಳಿರಿ. ನೋವಿಲ್ಲದ ದಿನಗಳಲ್ಲಿ ನಡಿಗೆಯೂ ಹೊಲದ ಕೆಲಸವೂ ಒಳ್ಳೆಯದೇ. ಹೆದರಿ ಮೂಲೆ ಹಿಡಿಯಬಾರದು.

ಮನೆಯವರಿಗೆ ಒಂದು ಮಾತು

ಈ ರೋಗಿ ನಿನ್ನೆ ನಡೆಯುತ್ತಿದ್ದ, ಇಂದು ಏಳಲಾರ. ಮುಂದಿನ ವಾರ ಮತ್ತೆ ನಡೆದಾನು. ಇದನ್ನು ಸೋಮಾರಿತನವೆಂದು ತಿಳಿಯಬೇಡಿ. ನೋವಿನ ದಿನಗಳಲ್ಲಿ ಅವನಿಗೆ ನೆರವಾಗಿ. ನೋವಿಲ್ಲದ ದಿನಗಳಲ್ಲಿ ಗುಳಿಗೆಯನ್ನು ನೆನಪಿಸಿ. ರಕ್ತ ಪರೀಕ್ಷೆಯ ದಿನವನ್ನು ಗೋಡೆಯ ಪಂಚಾಂಗದಲ್ಲಿ ಗುರುತು ಮಾಡಿರಿ. ಔಷಧಿಯ ಪ್ರಮಾಣ ನಿಂತ ಮೇಲೆ ಆರು ತಿಂಗಳಿಗೋ ವರ್ಷಕ್ಕೋ ಒಮ್ಮೆ ಪರೀಕ್ಷೆ ಮಾಡಿಸಿದರೆ ಸಾಕು. ನಿಮ್ಮ ಊರಿನ ಆಶಾ ಕಾರ್ಯಕರ್ತೆಯನ್ನು ಕೇಳಿದರೆ ಆರೋಗ್ಯ ಕೇಂದ್ರದಲ್ಲಿ ವೈದ್ಯರು ಸಿಗುವ ವೇಳೆಯನ್ನು ತಿಳಿಸುತ್ತಾರೆ.

ಜಾಣ ರೈತನು ಕೆರೆಯ ಏರಿಯನ್ನು ಬೇಸಿಗೆಯಲ್ಲಿ ಭದ್ರಪಡಿಸುತ್ತಾನೆ. ಮಳೆಗಾಲದಲ್ಲಿ ಏರಿ ಒಡೆದ ಮೇಲೆ ಹಾರೆ ಹುಡುಕುವುದಿಲ್ಲ. ಗೌಟ್ ರೋಗಕ್ಕೂ ನೋವಿಲ್ಲದ ದಿನಗಳೇ ಕೆಲಸದ ದಿನಗಳು. ನಿಮ್ಮಲ್ಲಿ ಯಾರಿಗಾದರೂ ಇಂಥ ನೋವು ಬಂದು ಹೋಗಿದ್ದರೆ, ಮತ್ತೆ ಬರುವವರೆಗೆ ಕಾಯದೆ, ಈ ವಾರವೇ ಹೋಗಿ ರಕ್ತ ಪರೀಕ್ಷೆ ಮಾಡಿಸಿಕೊಳ್ಳಿರಿ. ಓದಲು ಬಾರದ ನೆರೆಯವರಿಗೆ ಈ ಲೇಖನವನ್ನು ಓದಿ ಹೇಳಿರಿ.